ಘಾಟು ಬಾರದ ಖಾರ

ಯುದ್ಧ ಶುರುವಾದ ಮೇಲೆ ಸಂತೆಯಲ್ಲಿ ಯಾವುದನ್ನು ನಂಬಬೇಕೋ ತಿಳಿಯದಂತಾಗಿದೆ. ಎಣ್ಣೆಯಲ್ಲಿ ಏನು ಕೂಡಿಸಿದ್ದಾರೋ, ಹಿಟ್ಟಿನಲ್ಲಿ ಏನು ಬೆರೆಸಿದ್ದಾರೋ! ಇಷ್ಟಾದರೂ ನಮ್ಮ ಕಳಕಮ್ಮನಿಗೆ ಸಂತೆಯ ಮೇಲೆ ಅನುಮಾನ ಬರಲಿಲ್ಲ. ಆಕೆಯ ಅನುಮಾನವೆಲ್ಲ ಮನುಷ್ಯರ ಮೇಲೆಯೇ.

ಕುಕನೂರಿನ ಹತ್ತಿರದ ಹಳ್ಳಿ ಈಕೆಯದು. ಮೊದಲೆಲ್ಲ ವರ್ಷಕ್ಕಾಗುವ ಖಾರದ ಪುಡಿಯನ್ನು ತಾನೇ ಕುಟ್ಟುತ್ತಿದ್ದಳು. ರಟ್ಟೆ ನೋವು ಹತ್ತಿದ ಮೇಲೆ ಒನಕೆ ಮೂಲೆ ಸೇರಿತು, ಸಂತೆಯಿಂದ ಕುಟ್ಟಿದ ಖಾರ ಮನೆಗೆ ಬಂತು. ಅದರ ಕೆಂಪು ಬಣ್ಣ ನೋಡಿ ಆಕೆ ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಸಾರು ಮಾತ್ರ ಸಪ್ಪಗಾಗತೊಡಗಿತು.

"ನಿನ್ನ ಕೈ ಭಾಳ ಬಿಗಿ ಐತಿ. ಖಾರ ಉಳಿಸಿ ತವರಮನಿಗೆ ಕಳಸ್ತೀಯೇನ?" ಎಂದು ಸೊಸೆ ಶೇಖರಮ್ಮನನ್ನು ಗದರಿದಳು.

ಪಾಪ, ಸೊಸೆ ಒಂದು ಚಮಚ ಹಾಕುವಲ್ಲಿ ಮೂರು ಚಮಚ ಹಾಕತೊಡಗಿದಳು. ಸ್ವಲ್ಪ ದಿನಕ್ಕೆ, ಎಲ್ಲರಿಗಿಂತ ಹೆಚ್ಚು ಸಾರು ಸುರಿದುಕೊಂಡು ಉಣ್ಣುತ್ತಿದ್ದ ಕಳಕಮ್ಮನ ಮಗ ಅಂದಪ್ಪ ಹೊಟ್ಟೆ ಹಿಡಿದುಕೊಂಡು ಮಲಗಿದ. ಹೊಲದಲ್ಲಿ ಗಳೆ ಹೊಡೆಯುವ ಗಟ್ಟಿ ಆಳು, ಎದ್ದು ಕೂಡಲಾರದೆ ಹೋದ.

"ದೃಷ್ಟಿ ಆಗೇತಿ!" ಎಂದಳು ತಾಯಿ.

ದೃಷ್ಟಿ ತೆಗೆಯಲು ಮನೆಯಲ್ಲಿ ಇಡೀ ಮೆಣಸಿನಕಾಯಿ ಎಲ್ಲಿಂದ ಬರಬೇಕು? ಅದೇ ಸಂತೆಯ ಖಾರವನ್ನು ಉಪ್ಪಿನೊಂದಿಗೆ ಮುಷ್ಟಿಯಲ್ಲಿ ಹಿಡಿದು, ಮಗನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ದೃಷ್ಟಿ ಆಗಿದೆ ಎಂಬುದು ನಮ್ಮ ಹೆಂಗಸರ ಲೆಕ್ಕವಲ್ಲವೇ? ಉಪ್ಪು ಚಟಚಟ ಅಂತು. ಒಬ್ಬರೂ ಕೆಮ್ಮಲಿಲ್ಲ.

"ನೋಡಿದ್ಯಾ! ಘಾಟ ಇಲ್ಲ! ಭಾರೀ ದೃಷ್ಟಿ ಆಗೇತಿ ನನ್ನ ಮಗಗ!"

ಯಾರ ದೃಷ್ಟಿ? ಅಷ್ಟರಲ್ಲೇ ಪಕ್ಕದ ಮನೆಯ ನೂರಜಾನಬಿ ಅಂದಪ್ಪನನ್ನು ನೋಡಲೆಂದು ಬಂದಳು. ಕಳಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಬರಬ್ಯಾಡ. ಮೊನ್ನಿ ಅವ ಉಣ್ಣುಮುಂದ 'ಏನ್ ಛಲೋ ಉಣ್ಣಾಕ್ಹತ್ತೀಯೋ ಅಂದಪ್ಪಾ' ಅಂದಾಕಿ ನೀನ. ನಿನ್ನ ಕಣ್ಣ ತಾಗೇತಿ."

ನೂರಜಾನಬಿಯ ಕಣ್ಣಲ್ಲಿ ನೀರು ಬಂತು. "ಕಳಕಕ್ಕಾ, ಬಾಣಂತನದಾಗ ನೀ ಜ್ವರ ಬಂದು ಬಿದ್ದಾಗ ಇವಗ ಹಾಲು ಕುಡಿಸಿದಾಕಿ ನಾನು. ಹಾಲು ಕುಡಿಸಿದ ತಾಯಿ ಕಣ್ಣ ತಾಗತೈತೇನ?"

"ಮತ್ತ ಘಾಟ ಯಾಕ ಬರಲಿಲ್ಲ?"

ಎಂದೂ ಎದುರು ಮಾತಾಡದ ಶೇಖರಮ್ಮ ಅಂದು ಬಾಯಿ ತೆರೆದಳು. "ಅತ್ತೀ, ಅದ ಖಾರ ಯಾರಿಗೂ ನಿವಾಳಸದ ಒಲಿಗೆ ಹಾಕಿ ನೋಡೂಣ್ರಿ." ಎಂದವಳೇ ಒಂದು ಹಿಡಿ ಹಾಕಿಯೇಬಿಟ್ಟಳು. ಆಗಲೂ ಘಾಟಿಲ್ಲ.

"ಈಗ ಒಲಿಗೇ ದೃಷ್ಟಿ ಆತೇನ್ರಿ?"

ನೂರಜಾನಬಿ ಓಡಿಹೋಗಿ ತನ್ನ ಮನೆಯಿಂದ ನಾಲ್ಕು ಒಣ ಮೆಣಸಿನಕಾಯಿ ತಂದಳು. ಅವನ್ನು ಒಲೆಗೆ ಹಾಕಿದ್ದೇ ತಡ, ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದರು. ಆದರೂ ಕಳಕಮ್ಮ ಬಿಡುವ ಪೈಕಿಯೇ? ಕೆಮ್ಮುತ್ತಲೇ ಹೇಳಿದಳು: "ನಿಮ್ಮನಿ ಕಾಯಿ... ನಿನ್ನ ಮಾತ ಕೇಳತಾವು!"

"ಯವ್ವಾ, ಸಾಕ ಮಾಡಬೇ," ಎಂದು ಅಂದಪ್ಪ ನೋವಿನಲ್ಲೂ ನಕ್ಕ.

ನೂರಜಾನಬಿ ತಂಬಿಗೆಯ ನೀರಿಗೆ ಸಂತೆಯ ಖಾರ ಉದುರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ನೀರನ್ನು ಮೆಲ್ಲಗೆ ಬಸಿದಳು. ತಳದಲ್ಲಿ ಕೆಂಪು ರಾಡಿ ಕೂತಿತ್ತು. ಕಳಕಮ್ಮ ಅದನ್ನು ಬೆರಳಲ್ಲಿ ತಿಕ್ಕಿದಳು, ಕರಕರ ಎಂದಿತು. ನಾಲಿಗೆಗೆ ಹಚ್ಚಿ ನೋಡಿದಳು. ಮುಖ ಬಿಳಿಚಿತು.

"ಮನಿ ಕಟ್ಟೂ ಇಟ್ಟಂಗಿ ಪುಡಿ! ನನ್ನ ಕೈಯಾರೆ ಮಗಗ ಇಟ್ಟಂಗಿ ಉಣ್ಣಿಸಿದ್ನಲ್ಲವ್ವಾ!" ಎಂದು ಹಣೆ ಬಡಿದುಕೊಂಡಳು. ನೂರಜಾನಬಿಯ ಕೈ ಹಿಡಿದು, "ತಪ್ಪಾತ ನನ್ನವ್ವಾ," ಎಂದಳು.

"ತಪ್ಪು ಒಪ್ಪು ಆಮ್ಯಾಲ ನೋಡೂಣು. ಮೊದಲ ಇವನ್ನ ದವಾಖಾನಿಗೆ ಕರಕೊಂಡ ನಡಿ."

ಅಂದಪ್ಪ ಗುಣವಾದ. ಕಳಕಮ್ಮ ಮೆಣಸಿನಕಾಯಿ ತಂದಳು. ಆದರೆ ರಟ್ಟೆ ನೋಯುತ್ತಿತ್ತಲ್ಲ! ಅದಕ್ಕೆ ಎರಡೂ ಮನೆಯವರು ಹೊಲದಲ್ಲಿ ಮಾಡುವಂತೆ ಮುಯ್ಯಿ ಮಾಡಿಕೊಂಡರು: ಇಂದು ಇವರ ಮನೆಯ ಕುಟ್ಟುವ ಒಳ್ಳಿಗೆ ಅವರು ಬರುವುದು, ನಾಳೆ ಅವರ ಒಳ್ಳಿಗೆ ಇವರು ಹೋಗುವುದು. ಕಾಯಿಯ ತೊಟ್ಟು ಮುರಿದು, ಗರಿಗರಿಯಾಗುವಂತೆ ಬಿಸಿಲಿಗೆ ಹಾಕಿದರು. ಕೊತ್ತಂಬರಿ, ಜೀರಿಗೆ ಹುರಿದುಕೊಂಡು ಎಲ್ಲ ಕೂಡಿಸಿ ಕುಟ್ಟಿ ಜರಡಿ ಹಿಡಿದರು. ಒಣಗಿದ ಭರಣಿಗೆ ತುಂಬಿ, ಹುಳ ಬೀಳದಂತೆ ಒಂದು ಇಂಗಿನ ಹರಳನ್ನು ಮೇಲಿಟ್ಟರು. "ಹಸಿ ಕೈ ಹಾಕಿದವರಿಗೆ ಈ ಒನಕಿ ಐತಿ ನೋಡ್ರಿ," ಎಂದು ಕಳಕಮ್ಮ ಎಲ್ಲರಿಗೂ ಹೇಳಿದಳು. ಸಂತೆಯ ಕಡೆಗಿನ ಆಕೆಯ ನೋಟ ಈಗ ಪೂರ್ತಿ ಬೇರೆ. ಬೆಲ್ಲವನ್ನೂ ಮೂಸಿ ನೋಡಿಯೇ ತರುತ್ತಾಳೆ.

ತಾಯಂದಿರೇ, ಈ ಕಥೆ ಓದಿ ನಕ್ಕು ಎದ್ದು ಹೋಗಬೇಡಿರಿ. ಬರೇ ಬಣ್ಣ ನೋಡಿ ಮರುಳಾಗಬೇಡಿರಿ. ಇವತ್ತೇ ಒಂದು ಚಿಟಿಕೆ ಖಾರವನ್ನು ನೀರಿಗೆ ಹಾಕಿ ತಳ ನೋಡಿರಿ. ಅರಿಸಿನ, ಖಾರ, ಮಸಾಲೆಗಳನ್ನು ನಾಲ್ಕು ಮನೆಯವರು ಕೂಡಿ ನಿಮ್ಮ ಒಳ್ಳಿನಲ್ಲೇ ಕುಟ್ಟಿಕೊಳ್ಳಿರಿ. ಮತ್ತೆ ಎಂದಾದರೂ ದೃಷ್ಟಿ ತೆಗೆದಾಗ ಘಾಟು ಬರಲಿಲ್ಲವೆನ್ನಿ, ನೆರೆಮನೆಯ ಬಾಗಿಲ ಕಡೆ ಕಣ್ಣು ಬಿಡುವ ಮೊದಲು ನಿಮ್ಮ ಖಾರದ ಡಬ್ಬಿಯ ಮುಚ್ಚಳ ತೆಗೆಯಿರಿ.