ಎಡಗಡೆಯ ಮಾತುಗಳು

ಅಂಗಡಿಯ ಮೇಲ್ಮಹಡಿಯಲ್ಲಿ ಕಂಪ್ಯೂಟರಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಕೆಳಗಿನ ಬಾಗಿಲಿಗೆ, ಈ ದಿನ ಸಂಜೆ ನಾಲ್ಕಕ್ಕೆ ತೆರೆಯುವುದೆಂದು ಚೀಟಿ ಅಂಟಿಸಿದ್ದರು. ತರಬೇತಿ ಕೊಡಲು ಕಂಪನಿಯಿಂದ ಬಂದಿದ್ದ ಮೇಡಂ ಒಂದೊಂದು ಕುರ್ಚಿಯ ಮೇಲೂ ಒಂದೊಂದು ತೆಳು ಪುಸ್ತಕ ಇಟ್ಟಿದ್ದರು. ಪುಟದ ಎಡಗಡೆ ಗಿರಾಕಿಯ ಆಕ್ಷೇಪ, ಬಲಗಡೆ ಅದಕ್ಕೆ ಮಾರುವವರು ಕೊಡಬೇಕಾದ ಉತ್ತರ.

"ಎದುರು ಕಂಪನಿ ಹೆಸರು ನಿಮ್ಮ ಬಾಯಲ್ಲಿ ಬರಕೂಡದು," ಎಂದರು ಮೇಡಂ. "'ಇನ್ನೊಂದು' ಅಂದ್ರೆ ಸಾಕು. ಬೈಯೋದೂ ಬೇಡ. ಬೈದ್ರೆ ಗಿರಾಕಿಗೆ ಅದರ ಮೇಲೆ ಕನಿಕರ ಹುಟ್ಟುತ್ತೆ. ಮೊದಲು ಅವರು ಹೇಳಿದ್ದನ್ನ ಒಪ್ಪಿ. ಆಮೇಲೆ ಒಂದು ಪ್ರಶ್ನೆ ಕೇಳಿ. ಆಮೇಲೆ ನಮ್ಮ ಕಡೆ ತಿರುಗಿಸಿ."

"ಅಂದ್ರೆ ಅತ್ತೆ ಹತ್ರ ಮಾತಾಡೋ ಹಾಗೆ," ಎಂದಳು ಮುಂದಿನ ಸಾಲಿನ ಹುಡುಗಿ. ಅರಳು ಹುರಿದಂತೆ ಮಾತನಾಡುವವಳಾದ್ದರಿಂದ ಅಂಗಡಿಯಲ್ಲಿ ಅವಳ ಹೆಸರೇ ಅರಳು ಎಂದಾಗಿತ್ತು. ಎಲ್ಲರೂ ನಕ್ಕರು.

ಕೊನೆಯ ಸಾಲಿನಲ್ಲಿ ಕುಳಿತಿದ್ದ ದೊಡ್ಡಪ್ಪನವರು ಮಾತ್ರ ನಗಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಕೌಂಟರಿನಲ್ಲಿ ನಿಂತ ಈ ಹಿರಿಯರನ್ನು ಚಿಕ್ಕವರೆಲ್ಲ ಹಾಗೆಯೇ ಕರೆಯುತ್ತಿದ್ದರು. ಹಿಂದಿನ ದಿನ ಮ್ಯಾನೇಜರು ಅವರನ್ನು ಒಳಗೆ ಕರೆದು, ಮೆತ್ತಗೆಯೇ ಹೇಳಿದ್ದರು.

"ಬಂದವರಿಗೆ, 'ಇರೋದು ಚೆನ್ನಾಗಿದ್ರೆ ಯಾಕೆ ಬದಲಾಯಿಸ್ತೀರಿ' ಅಂತ ಬುದ್ಧಿ ಹೇಳಿ ಕಳಿಸ್ತೀರಂತೆ. ಧರ್ಮದ ಮಾತೇ, ಇಲ್ಲ ಅನ್ನಲ್ಲ. ಆದ್ರೆ ಇದು ಅಂಗಡಿ ಸ್ವಾಮಿ. ನಾಳೆ ಪರೀಕ್ಷೇಲಿ ಪಾಸಾಗದಿದ್ರೆ ನಿಮ್ಮನ್ನ ಗೋದಾಮಿಗೆ ಹಾಕ್ತಾರೆ. ಸಂಬಳ ಇಷ್ಟೇ ಇರುತ್ತೆ, ಯೋಚನೆ ಬೇಡ."

ಸಂಬಳದ ಯೋಚನೆ ಅವರಿಗಿರಲಿಲ್ಲ. ಗೋದಾಮೆಂದರೆ ಕಿಟಕಿಯಿಲ್ಲದ ಉದ್ದನೆಯ ಕೊಠಡಿ. ಒಬ್ಬ ಮನುಷ್ಯ, ಸೂರಿನವರೆಗೆ ಪೆಟ್ಟಿಗೆಗಳು, ದಿನಕ್ಕೆರಡು ಸಲ ಒಂದು ಲಾರಿ. ಹೆಂಡತಿ ತೀರಿಕೊಂಡ ಮೇಲೆ, ಈ ಎರಡು ವರ್ಷ, ಮಕ್ಕಳಿಲ್ಲದ ಅವರ ಮನೆಯಲ್ಲಿ ಮಾತೆಂಬುದೇ ಇರಲಿಲ್ಲ. ಆಡಿದ ಮಾತೆಲ್ಲ ಕೌಂಟರಿನದು: ಬೆಲೆ ಕೇಳುವವರೊಡನೆ, ದಾರಿ ಕೇಳುವವರೊಡನೆ, ಏನೂ ಕೊಳ್ಳದೆ ತಂಪಿಗಾಗಿ ಒಳಗೆ ಬಂದು ನಿಲ್ಲುವವರೊಡನೆ. ಅದೂ ತಪ್ಪಿದರೆ ಬೆಳಗಿನಿಂದ ಮಲಗುವವರೆಗೆ ಬಾಯಿ ತೆರೆಯಲು ಊಟವಲ್ಲದೆ ಬೇರೆ ಕಾರಣ ಉಳಿಯುತ್ತಿರಲಿಲ್ಲ.

ಅಭ್ಯಾಸ ಶುರುವಾಯಿತು. ಒಬ್ಬರು ಗಿರಾಕಿ, ಉಳಿದವರು ಒಬ್ಬೊಬ್ಬರಾಗಿ ಮಾರುವವರು.

"ದೊಡ್ಡಪ್ಪನವರೇ ಗಿರಾಕಿಯಾಗಲಿ," ಎಂದರು ಮ್ಯಾನೇಜರು. "ಮಾರೋದಕ್ಕಿಂತ ಬೇಡ ಅನ್ನೋದೇ ಅವರಿಗೆ ಚೆನ್ನಾಗಿ ಬರುತ್ತೆ."

ಅವರು ಎದ್ದು ಮುಂದಿನ ಕುರ್ಚಿಯಲ್ಲಿ ಕುಳಿತು ಪುಸ್ತಕ ತೆರೆದರು. "ಇನ್ನೊಂದರ ಕಾರ್ಯಕ್ಷಮತೆಯು ನನಗೆ ತೃಪ್ತಿಕರವಾಗಿದೆ" ಎಂದಿತ್ತು ಎಡಗಡೆ. ಭೂಮಿಯ ಮೇಲೆ ಯಾವ ಗಿರಾಕಿಯೂ ಹೀಗೆ ಆಡಿದ್ದನ್ನು ಅವರು ಕೇಳಿರಲಿಲ್ಲ. ಪುಸ್ತಕ ಮುಚ್ಚಿದರು.

ಮುಚ್ಚಿದೊಡನೆ ನೆನಪಾದದ್ದು ಹೆಂಡತಿ. ಆಕೆ ಮನೆಯಲ್ಲೇ ಕುಳಿತು ಮುದ್ರಣಾಲಯವೊಂದಕ್ಕೆ ಶಾಲಾಪುಸ್ತಕಗಳ ಪುಟ ಜೋಡಿಸಿಕೊಡುತ್ತಿದ್ದಳು. ಅದೂ ಎದುರು ಕಂಪನಿಯ ಕಂಪ್ಯೂಟರಿನಲ್ಲಿ. ಗಂಡ ಹಗಲೆಲ್ಲ ಮಾರುತ್ತಿದ್ದ ಸರಕನ್ನು ಮನೆಯ ಹೊಸಿಲು ದಾಟಿಸಲು ಹತ್ತೊಂಬತ್ತು ವರ್ಷ ಬಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಪ್ರಯೋಗಿಸುತ್ತಿದ್ದರು. ತಟ್ಟೆಯ ಮುಂದೆ ಕುಳಿತಾಗಲೆಲ್ಲ ಆ ಜಗಳ. ಗೆದ್ದವಳು ಯಾವಾಗಲೂ ಆಕೆಯೇ.

ಅರಳು ಎದುರಿಗೆ ಬಂದು ನಿಂತಳು. "ಬನ್ನಿ ಸಾರ್, ಹೊಸ ಮಾಡೆಲ್ ನೋಡ್ತೀರಾ?"

"ಬೇಡಮ್ಮ. ನನ್ನ ಬೆರಳಿಗೆ ಇನ್ನೊಂದರ ಕೀಲಿಗಳು ಗೊತ್ತು. ಕಣ್ಣನ್ನ ಕೇಳದೆ ತಾವೇ ಹೋಗ್ತವೆ."

"ನಿಜ ಸಾರ್," ಎಂದಳು ಅರಳು, ಒಪ್ಪುವ ಪಾಠದಂತೆ. "ಬೆರಳು ಕಲಿಯೋಕೆ ಎಷ್ಟು ದಿನ ಬೇಕು ಹೇಳಿ? ಒಂದು ವಾರ."

"ವಾರ ನಿನ್ನ ಬೆರಳಿಗೆ. ನನ್ನದಕ್ಕೆ ವಯಸ್ಸಾಗಿದೆ. ಅದಿರಲಿ, ನನ್ನ ಹತ್ತೊಂಬತ್ತು ವರ್ಷದ ಕೆಲಸ ಅದರೊಳಗಿದೆ. ನಿಮ್ಮದರಲ್ಲಿ ತೆರೆದ್ರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಹೆಕ್ಕಿ ಜೋಡಿಸೋಕೆ ನೀನು ಬರ್ತೀಯಾ?"

"ನಾವೇ ಎಲ್ಲ ಉಚಿತವಾಗಿ ಸಾಗಿಸಿ ಕೊಡ್ತೀವಿ ಸಾರ್."

"ಸರಿ. ಕೊನೇದಾಗಿ ಒಂದು ಕೇಳ್ತೀನಿ. ಬಿಟ್ಟುಬಿಡೋಕೆ, ಅದು ನನಗೇನು ಮಾಡಿದೆ?"

"ನಿಜ ಸಾರ್," ಎಂದಳು ಅರಳು. ಅಲ್ಲಿಂದ ಮುಂದೆ ತಿರುಗಿಸುವ ದಾರಿ ಕಾಣದೆ ತನ್ನ ಕುರ್ಚಿಗೆ ಮರಳಿದಳು. ಬಳಿಕ ಬಂದ ನಾಲ್ವರೂ ಅಲ್ಲಿಯೇ ಮುಗ್ಗರಿಸಿದರು. ಮೇಡಂ ಪುಟ ತಿರುವಿ ನೋಡಿದರು. ಬಲಗಡೆಯ ಯಾವ ಸಾಲೂ ಅದಕ್ಕೆ ಒಗ್ಗಲಿಲ್ಲ. ದೊಡ್ಡಪ್ಪನವರ ಮೂರು ಮಾತನ್ನೂ ಅವರು ಹಾಗ್ಹಾಗೆಯೇ ಬರೆದುಕೊಂಡರು.

"ಎಲ್ಲಿಂದ ತರ್ತೀರಿ ಸಾರ್ ಇಂಥ ಮಾತೆಲ್ಲ?" ಎಂದು ಕೇಳಿದರು ಮೇಡಂ.

"ಮನೆಯಿಂದ."

"ಹಾಗಾದ್ರೆ ಮುಂದಿನ ಸಲ ಮನೆಯವರನ್ನೇ ಕರ್ಕೊಂಡ್ ಬನ್ನಿ. ನಿಮ್ಮ ಮ್ಯಾನೇಜರಿಗಿಂತ ಉಪಯೋಗ ಆಗ್ತಾರೆ."

ಗೊತ್ತಿದ್ದವರು ತಲೆ ತಗ್ಗಿಸಿದರು. ದೊಡ್ಡಪ್ಪನವರು ಬೇಸರಪಡಲಿಲ್ಲ. ಎರಡು ವರ್ಷಗಳ ಮೇಲೆ ಆಕೆಯನ್ನು ಇನ್ನೂ ಇರುವವಳೆಂಬಂತೆ ಒಬ್ಬರು ಮಾತಿಗೆ ತಂದಿದ್ದರು. "ಹೇಳಿ ನೋಡ್ತೀನಿ," ಎಂದರು.

ಊಟದ ಬಿಡುವಿನಲ್ಲಿ ಮೇಡಂ ಮೆಟ್ಟಿಲ ಮೇಲೆ ನಿಂತು ಮುಖ್ಯ ಕಚೇರಿಗೆ ಫೋನು ಮಾಡಿ ಆ ಮೂರನೆಯ ಆಕ್ಷೇಪವನ್ನು ಓದಿ ಹೇಳಿದರು. ಎರಡೂವರೆಗೆ ಉತ್ತರ ಬಂತು. ಎಲ್ಲರೂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು: ನಿಜ, ಅದು ನಿಮಗೇನೂ ಮಾಡಿಲ್ಲ. ಆದರೆ ಒಂದು ದಿನ ಹೇಳದೆ ಕೇಳದೆ ಅದು ನಿಂತುಹೋದರೆ, ಅವತ್ತು ನಿಮ್ಮ ಜೊತೆ ಯಾರಿರುತ್ತಾರೆ?

ದೊಡ್ಡಪ್ಪನವರ ಪೆನ್ನು 'ಕೇಳದೆ' ಎಂಬಲ್ಲಿ ಒಂದು ಕ್ಷಣ ತಡೆದು, ಮುಂದೆ ಹೋಯಿತು.

ಮೂರು ಗಂಟೆಗೆ ಪರೀಕ್ಷೆ. ಈಗ ಗಿರಾಕಿ ಮೇಡಂ. ದೊಡ್ಡಪ್ಪನವರ ಸರದಿ ಬಂದಾಗ ಆಕೆ ಅವರದೇ ಮಾತುಗಳನ್ನು ಅವರ ಮುಂದಿಟ್ಟರು. ಬೆರಳಿನ ಮಾತಿಗೂ ಹಳೆಯ ಕೆಲಸದ ಮಾತಿಗೂ ಅವರು ಪುಸ್ತಕದಂತೆ ಉತ್ತರ ಹೇಳಿದರು. ಮ್ಯಾನೇಜರು ಮುಂದಕ್ಕೆ ಬಾಗಿ ಕುಳಿತರು.

"ಬಿಟ್ಟುಬಿಡೋಕೆ, ಅದು ನನಗೇನು ಮಾಡಿದೆ?" ಎಂದರು ಮೇಡಂ. ಬರೆದುಕೊಂಡದ್ದನ್ನು ಓದಿದರೂ ಅದರ ಧಾಟಿ ದೊಡ್ಡಪ್ಪನವರ ಮನೆಯಾಕೆಯದೇ ಆಗಿತ್ತು.

ಗೋದಾಮಿನ ಕೊಠಡಿ ದೊಡ್ಡಪ್ಪನವರ ಕಣ್ಣ ಮುಂದೆ ಬಂತು. ಆಮೇಲೆ ಅವರು ಒಪ್ಪಿದರು.

"ಏನೂ ಮಾಡಿಲ್ಲಮ್ಮ. ಅದು ಒಳ್ಳೇದೇ. ಆದ್ರೆ ಒಂದು ಬೆಳಿಗ್ಗೆ, ಪುಟ ಅರ್ಧ ಆಗಿರುತ್ತೆ, ಹೇಳದೆ ಕೇಳದೆ ನಿಂತುಹೋಗುತ್ತೆ. ಹಿಂದಿನ ದಿನ ಎಲ್ಲ ಸರಿಯಾಗೇ ಇತ್ತು. ಅದರೊಳಗೆ ಏನೇನಿತ್ತು ಅಂತ ಕೇಳಿ ಇಟ್ಕೊಂಡಿರಲ್ಲ ನೀವು. ನಾಳೆ ಕೇಳಿದ್ರಾಯ್ತು ಅಂತ ಇರ್ತೀರಿ. ಅವತ್ತು ಯಾರನ್ನ ಕೇಳ್ತೀರಿ? ಯಾರಿರ್ತಾರೆ ನಿಮ್ಮ ಜೊತೆ?"

ಬಲಗಡೆ ಬರೆದಿದ್ದಕ್ಕಿಂತ ಹೆಚ್ಚನ್ನು ಅವರು ಹೇಳಿಬಿಟ್ಟಿದ್ದರು. ನಿಯಮದಂತೆ ಗಿರಾಕಿ ಇನ್ನೊಮ್ಮೆ ಆಕ್ಷೇಪಿಸಬೇಕಿತ್ತು. ಮೇಡಂ ಪುಸ್ತಕ ನೋಡಲಿಲ್ಲ.

"ಸರಿ," ಎಂದರು. "ನಿಮ್ಮದೇ ಕೊಡಿ."

ಹತ್ತಕ್ಕೆ ಹತ್ತು ಅಂಕ. ಮ್ಯಾನೇಜರು ಎದ್ದು ಬಂದು ಕೈ ಕುಲುಕಿದರು. "ಬೂದಿ ಮುಚ್ಚಿದ ಕೆಂಡ ಕಣ್ರೀ ನೀವು. ಕೌಂಟರು ಬಿಟ್ಟು ಎಲ್ಲೂ ಹೋಗಬೇಡಿ."

ಕೆಳಗೆ ಇಳಿಯುವಾಗ ಅರಳು ಅವರ ಜೊತೆಗೇ ಇಳಿದಳು. ಅವಳಿಗೆ ಸೋತ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ದೊಡ್ಡಪ್ಪ, ಆ ಉತ್ತರಕ್ಕೆ ದೊಡ್ಡಮ್ಮ ಆಗಿದ್ರೆ ಏನಂತಿದ್ರು? ಸುಮ್ಮನೆ 'ಕೊಡಿ' ಅಂತಿದ್ರಾ?"

"ಅವಳಾ? ಅವಳು ಬಿಡ್ತಿರಲಿಲ್ಲ," ಎಂದು ಅವರು ಮೆಟ್ಟಿಲ ಮೇಲೆ ನಿಂತರು.

ತರಕಾರಿ ಬಾಡಿದ್ದರೂ, ಅಂಗಿಯ ಗುಂಡಿ ಹೋಗಿದ್ದರೂ, ಪಕ್ಕದ ಮನೆಯವರು ಬಾಗಿಲು ಬಡಿದರೂ ಆಕೆ ಇದ್ದಿದ್ದರೆ ಏನೆನ್ನುತ್ತಿದ್ದಳೆಂಬುದು ಈ ಎರಡು ವರ್ಷವೂ ಅವರಿಗೆ ಕಿವಿಯಲ್ಲಿ ಕೇಳಿದಷ್ಟು ಚೆನ್ನಾಗಿ ತಿಳಿಯುತ್ತಿತ್ತು. ಈಗಲೂ ಆಕೆಯ ಮಾತಿಗಾಗಿ ಹಾಗೆಯೇ ಕಾದರು. ಅರಳು ಎರಡು ಮೆಟ್ಟಿಲು ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದಳು.

"ಏನಂತಿದ್ರು?"

"ಏನೂ ಅನ್ನಲಿಲ್ಲ," ಎಂದರು.

ಅರಳುಗೆ ಅರ್ಥವಾಗಲಿಲ್ಲ. ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಅಂಗಡಿಯ ಶಟರ್ ಬಾಗಿಲು ಸದ್ದು ಮಾಡುತ್ತಾ ಮೇಲೆದ್ದಿತು. ಹೊರಗೆ ಬೆಳಕಿನಲ್ಲಿ ಐದಾರು ಜನ ಕಾದಿದ್ದರು. ದೊಡ್ಡಪ್ಪನವರು ಅಂಗಿ ಸರಿಮಾಡಿಕೊಂಡು ಕೌಂಟರಿನ ಹಿಂದೆ ಹೋಗಿ ನಿಂತು, "ಬನ್ನಿ, ಏನು ನೋಡಬೇಕಿತ್ತು ಹೇಳಿ," ಎಂದರು. ಅಂಗಡಿ ಮುಚ್ಚುವವರೆಗೆ ಅವರು ಮಾತು ನಿಲ್ಲಿಸಲಿಲ್ಲ.