ಫೋನಿನಲ್ಲಿ ಬೆಳೆದ ಮಗಳು

ಅವಳು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದಳು. ಹನ್ನೊಂದು ವರ್ಷದಿಂದ ಅದೇ ಮೂಲೆ, ಅದೇ ಮಿಷನ್ನು. ಜೊತೆಯವರಿಗೆಲ್ಲ ಅವಳು ಕಾಜಾ ಅಕ್ಕ. ಗಂಡ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಇನ್ನು ಮಕ್ಕಳಾಗುವುದಿಲ್ಲ ಎಂದು ಇಬ್ಬರೂ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಕಾಜಾಕ್ಕೆ ಕೊನೆಗೂ ಒಂದು ಗುಂಡಿ ಸಿಕ್ಕಿತು ಎಂದು ಗಂಡ ನಕ್ಕ. ಮಗುವಿಗೆ ಗುಂಡಿ ಎಂಬ ಹೆಸರೇ ನಿಂತುಬಿಟ್ಟಿತು.

ಗುಂಡಿಗೆ ಒಂದೂವರೆ ವರ್ಷವಾದಾಗ ಕಾಜಾ ಅಕ್ಕನಿಗೆ ಕೆಮ್ಮು ಹತ್ತಿತು. ಬಟ್ಟೆಯ ಧೂಳು ಕುಡಿಯುವವರಲ್ಲಿ ಕೆಮ್ಮದವರು ಯಾರು ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಔಷಧಿ ಅಂಗಡಿಯವನು ಕೊಟ್ಟ ಸಿಹಿ ಸಿರಪ್ಪು ಎರಡು ಬಾಟಲಿ ಖಾಲಿಯಾಯಿತು. ಸಂಜೆಯಾದರೆ ಮೈ ಕಾಯುತ್ತಿತ್ತು. ತಾನೇ ಅಳತೆ ಹಿಡಿದು ಹೊಲಿದುಕೊಂಡ ಬಟ್ಟೆ ಮೈಮೇಲೆ ಜೋಲಾಡತೊಡಗಿತು. ಕಫದಲ್ಲಿ ನೆತ್ತರಿನ ಎಳೆ ಕಂಡ ದಿನ ಗಂಡ ಮೂಟೆ ಬಿಟ್ಟು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಇದು ಮಾಮೂಲಿ ಮಾತ್ರೆಗೆ ಬಗ್ಗುವ ಕ್ಷಯವಲ್ಲ ಎಂದರು ಡಾಕ್ಟರು. ಆರು ತಿಂಗಳು ದಿನವೂ ಸೂಜಿ ಚುಚ್ಚಿಸಿಕೊಳ್ಳಬೇಕು, ಮಾತ್ರೆ ಎರಡು ವರ್ಷದ ತನಕ ನುಂಗಬೇಕು. ಮನೆಯಲ್ಲಿ ಎಷ್ಟು ಕಿಟಕಿ ಇವೆ ಎಂದೂ ಕೇಳಿದರು. ಅವರದು ಒಂದೇ ಕೋಣೆ. ಒಲೆ, ಹಾಸಿಗೆ, ನೀರಿನ ಕೊಡ ಎಲ್ಲ ಅದರಲ್ಲೇ. ಬಾಗಿಲು ತೆಗೆದರೆ ಅದೇ ಕಿಟಕಿ ಸಾರ್ ಎಂದ ಗಂಡ. ಡಾಕ್ಟರು ನಗಲಿಲ್ಲ. ಮಗುವನ್ನು ಪರೀಕ್ಷೆ ಮಾಡಿಸಿದರು. ಅದೃಷ್ಟಕ್ಕೆ ಅದಕ್ಕೇನೂ ತಗುಲಿರಲಿಲ್ಲ. ಆದರೆ ತಾಯಿಯ ಕಫ ಶುದ್ಧವಾಗುವ ತನಕ ಮಗು ಆ ಕೋಣೆಯಲ್ಲಿ ಇರುವುದು ಬೇಡ ಎಂದರು.

ಮಾರನೆಯ ದಿನವೇ ಅವಳ ಅಕ್ಕ ಬಂದಳು. ಅಕ್ಕನ ಮನೆ ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕು. ಮಗುವಿನ ಬಟ್ಟೆಗಳನ್ನು ತಾಯಿಯೇ ಮಡಚಿ ಚೀಲಕ್ಕೆ ತುಂಬಿದಳು. ಕಡೆಯದಾಗಿ ಒಂದು ಸಲ ಎತ್ತಿಕೊಳ್ಳಲೇ ಎಂದು ಕೇಳಲು ಬಾಯಿ ತೆರೆದವಳು ತನ್ನ ಉಸಿರಿಗೆ ತಾನೇ ಹೆದರಿ ಗೋಡೆಗೆ ಒರಗಿ ನಿಂತಳು. ದೊಡ್ಡಮ್ಮನ ಹೆಗಲ ಮೇಲಿಂದ ಮಗು ಎರಡೂ ಕೈ ಚಾಚಿ, "ಅಮ್ಮ, ಬಾ" ಎಂದಿತು. ಆಗ ಅದಕ್ಕೆ ಬರುತ್ತಿದ್ದುದು ಏಳೆಂಟು ಮಾತು. ಅದರಲ್ಲಿ ಎರಡನ್ನು ಅವಳ ಕಡೆ ಎಸೆದು ಹೋಯಿತು.

ಅಂದಿನಿಂದ ದಿನವೂ ಸಂಜೆ ಆರಕ್ಕೆ ಅಕ್ಕ ಫೋನು ಮಾಡುವಳು. ಮೊದಮೊದಲು ಬರೀ ಅಳು. ಆಮೇಲೆ ಉಸಿರಾಟ, ಫೋನನ್ನು ನೆಕ್ಕುವ ಸದ್ದು. ಎರಡನೆಯ ತಿಂಗಳಿಗೆ ಹಾಲು, ಬೆಕ್ಕು, ಬಿತ್ತು ಎಲ್ಲ ಬಂದವು. ಮೂರನೆಯ ತಿಂಗಳಲ್ಲಿ ಗುಂಡಿ ಎರಡೆರಡು ಮಾತು ಜೋಡಿಸಿ, ಬೆಕ್ಕು ಬಿತ್ತು, ಹಾಲು ಬಿತ್ತು ಎಂದು ವರದಿ ಒಪ್ಪಿಸತೊಡಗಿತು. ಆ ಮನೆಯಲ್ಲಿ ಬೀಳದೆ ಉಳಿದದ್ದು ಏನಾದರೂ ಇದೆಯೇ ಎಂದು ಗಂಡ ಕೇಳುವನು. ಅವಳು ನಗುನಗುತ್ತಾ ಕೆಮ್ಮುವಳು. ಇಡೀ ದಿನದ ವಾಂತಿ, ಸುಸ್ತು, ಕೀಲುನೋವು ಎಲ್ಲವನ್ನೂ ಅವಳು ಆ ಹತ್ತು ನಿಮಿಷಕ್ಕಾಗಿ ತಡೆದುಕೊಳ್ಳುತ್ತಿದ್ದಳು.

ನಾಲ್ಕನೆಯ ತಿಂಗಳಲ್ಲಿ ಕಿವಿಯೊಳಗೆ ಸಣ್ಣಗೆ ಸೀಟಿ ಹೊಡೆದಂತಾಗತೊಡಗಿತು. ಈ ಸೂಜಿಯಿಂದ ಕೆಲವರ ಕಿವಿ ಹೋಗುತ್ತದೆ, ಸ್ವಲ್ಪ ಏನಾದರೂ ಅನ್ನಿಸಿದರೂ ಹೇಳು ಎಂದು ನರ್ಸಮ್ಮ ಮೊದಲ ದಿನವೇ ಎಚ್ಚರಿಸಿದ್ದಳು. ಕಾಜಾ ಅಕ್ಕ ಹೇಳಬೇಕೆಂದೇ ಹೊರಟಿದ್ದಳು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕ ಕೂರುತ್ತಿದ್ದ ಇಟ್ಟಿಗೆ ಹೊರುವ ಹೆಂಗಸು ತನ್ನ ಕಥೆ ಹೇಳಿಕೊಂಡಳು. ಕಿವಿ ಸರಿಯಿಲ್ಲ ಎಂದಿದ್ದಕ್ಕೆ ಅವಳ ಸೂಜಿ ನಿಲ್ಲಿಸಿದರಂತೆ, ಔಷಧಿ ಬದಲಿಸಿದರಂತೆ, ತಿಂಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತಂತೆ. ಮತ್ತೆ ಒಂದರಿಂದ! ಕಾಜಾ ಅಕ್ಕ ಬಾಯಿ ಮುಚ್ಚಿಕೊಂಡಳು.

ನರ್ಸಮ್ಮ ಮೊದಲು ಹತ್ತಿಯಿಂದ ಒರೆಸುವಳು, ಆಮೇಲೆ ಕಿವಿ ಹೇಗಿದೆ ಎಂದು ಕೇಳುವಳು, ಆಮೇಲೆ ಚುಚ್ಚುವಳು. ಅವಳ ಬಾಯಿಗೆ ಸದಾ ಮಾಸ್ಕು. ಅದರ ಹಿಂದಿನ ಮಾತು ಮಂಜಾದರೂ ಹತ್ತಿ ಆದ ಮೇಲೆ ಬರುವ ಪ್ರಶ್ನೆ ಯಾವುದೆಂದು ಕಾಜಾ ಅಕ್ಕನಿಗೆ ಗೊತ್ತಿತ್ತು. ಚೆನ್ನಾಗಿದೆ ಸಿಸ್ಟರ್ ಎಂದುಬಿಡುವಳು.

ಬೀದಿಯ ಲಾರಿ ಕೇಳುತ್ತಿತ್ತು, ಗಂಡನ ದಪ್ಪ ದನಿ ಕೇಳುತ್ತಿತ್ತು. ತೆಳ್ಳಗಿನ ಸದ್ದುಗಳೆಲ್ಲ ಒಂದೊಂದಾಗಿ ಮಾಯವಾದವು. ಒಂದು ಸಂಜೆ ಸದ್ದು ಪೂರ್ತಿ ಏರಿಸಿದ ಫೋನು ಕಿವಿಗೊತ್ತಿದಾಗಲೂ ಬರೀ ಸೀಟಿ. ಆ ಕಡೆ ಗುಂಡಿ ಉದ್ದಕ್ಕೆ ಏನೋ ಹೇಳುತ್ತಿದೆ ಎಂದು ಎದುರಿಗೆ ಕೂತ ಗಂಡನ ಮುಖ ಅರಳಿದ್ದರಿಂದ ತಿಳಿಯಿತು. ಅವಳು ಹೂಂ ಕಂದ, ಹೂಂ ಕಂದ ಎನ್ನುತ್ತಾ ಹೋದಳು. ಗಂಡನ ಮುಖದ ನಗು ಅಳಿಸಿಹೋಯಿತು.

"ಯಾವಾಗ ಬರ್ತೀಯಾ ಅಂತ ಕೇಳ್ತಾ ಇದಾಳೆ ಕಣೇ. ಹೂಂ ಅಂದ್ರೆ ಏನರ್ಥ?" ಎಂದ.

ಅವಳು ಅವನ ಕಾಲು ಹಿಡಿಯುವುದೊಂದು ಬಾಕಿ. ಇನ್ನು ನಲವತ್ತು ಸೂಜಿ ಮಾತ್ರ ಉಳಿದಿದೆ, ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಳು. ಅವನು ಒಪ್ಪಲೂ ಇಲ್ಲ, ಹೇಳಲೂ ಇಲ್ಲ. ಮಾರನೆಯ ಸಂಜೆಯಿಂದ ಫೋನನ್ನು ತನ್ನ ಕಿವಿಗಿಟ್ಟುಕೊಂಡು, ಮಗು ಅಂದದ್ದನ್ನೆಲ್ಲ ಇನ್ನೂ ಸ್ವಲ್ಪ ಕೇಳುತ್ತಿದ್ದ ಅವಳ ಎಡಗಿವಿಯ ಹತ್ತಿರ ತಾನು ಹೇಳತೊಡಗಿದ.

ಅದಾಗಿ ಹತ್ತು ದಿನಕ್ಕೆ ಗುಟ್ಟು ಬಯಲಾಯಿತು. ನರ್ಸಮ್ಮ ಹತ್ತಿಯಿಂದ ಒರೆಸಿದಳು, ಕೇಳಿದಳು. ಚೆನ್ನಾಗಿದೆ ಸಿಸ್ಟರ್ ಎಂದಳು ಇವಳು. ನರ್ಸಮ್ಮನ ಕೈ ಅಲ್ಲೇ ನಿಂತಿತು. ಅವಳು ಅಂದು ಕೇಳಿದ್ದು, ಯಜಮಾನರು ಯಾಕೆ ಬಂದಿಲ್ಲ ಎಂದು. ಸೂಜಿಯನ್ನು ತಟ್ಟೆಯಲ್ಲಿಟ್ಟು, ಇವಳನ್ನು ಹೊರಗಿನ ಮರದ ಕೆಳಗೆ ಕರೆದುಕೊಂಡು ಹೋಗಿ, ದೂರ ನಿಂತು ಮಾಸ್ಕು ಇಳಿಸಿದಳು. ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು.

"ಎಷ್ಟು ದಿನದಿಂದ?"

"ಒಂದೂವರೆ ತಿಂಗಳು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಇಟ್ಟಿಗೆ ಹೊರೋಳಿಗೆ ಮಾಡಿದ ಹಾಗೆ ಮೊದಲಿಂದ ಶುರು ಮಾಡ್ತೀರಲ್ಲ ಸಿಸ್ಟರ್. ಮಗು ಬರೋದು ಇನ್ನೂ ತಡ ಆಗುತ್ತೆ."

ನರ್ಸಮ್ಮ ಬೈಯಲಿಲ್ಲ. ಆ ಇಟ್ಟಿಗೆ ಹೊರುವ ಹೆಂಗಸು ನಡುವೆ ಎರಡು ತಿಂಗಳು ಆಸ್ಪತ್ರೆಗೇ ಬಂದಿರಲಿಲ್ಲ, ಅದಕ್ಕೆ ಅವಳ ಎಣಿಕೆ ಒಂದರಿಂದ ಶುರುವಾಯಿತು. ಕಿವಿಗಾಗಿ ಸೂಜಿ ಬಿಟ್ಟರೆ ಬದಲಿಗೆ ಮಾತ್ರೆ ಇದೆ, ಎಣಿಕೆ ಇದ್ದಲ್ಲಿಂದಲೇ ಮುಂದುವರಿಯುತ್ತದೆ ಎಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಅಂದರೆ ಮೊದಲ ಸೀಟಿ ಕೇಳಿದ ದಿನವೇ ಹೇಳಿದ್ದರೂ ಗುಂಡಿ ಬರುವುದು ಒಂದು ದಿನವೂ ತಡವಾಗುತ್ತಿರಲಿಲ್ಲ. ಅದು ಅರ್ಥವಾಗಲು ಕಾಜಾ ಅಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮರದ ಬುಡದಲ್ಲಿ ಕೂತುಬಿಟ್ಟಳು. ನರ್ಸಮ್ಮನೂ ಒಂದು ಮಾರು ಆಚೆ, ನೆಲದ ಮೇಲೆಯೇ ಕೂತಳು.

ಹೋದ ಕಿವಿ ಮರಳಲಿಲ್ಲ. ಎಡಗಿವಿಯಲ್ಲಿ ದಪ್ಪ ದನಿಗಳಷ್ಟೇ ಉಳಿದವು. ಹನ್ನೊಂದನೆಯ ತಿಂಗಳಲ್ಲಿ ಕಫ ಸತತವಾಗಿ ಶುದ್ಧವಾಗಿದೆ, ಮಗುವನ್ನು ಕರೆತರಬಹುದು ಎಂದರು. ಅಕ್ಕನ ಕೈ ಹಿಡಿದು ನಡೆದುಕೊಂಡೇ ಒಳಗೆ ಬಂದಿತು ಗುಂಡಿ. ಅಮ್ಮನನ್ನು ನೋಡಿ ದೊಡ್ಡಮ್ಮನ ಹಿಂದೆ ಅಡಗಿತು. ಅವಳು ಕರೆಯಲಿಲ್ಲ, ಕೈ ಚಾಚಿ ಕುಕ್ಕರುಗಾಲಲ್ಲಿ ಕೂತಳು. ಕಾಲು ಜೋಮು ಹಿಡಿಯುವ ತನಕ ಕೂತಳು. ಮಗು ಬಂದು ಮೊದಲು ಒಂದು ಬೆರಳು ಹಿಡಿಯಿತು, ಆಮೇಲೆ ಮಡಿಲಿಗೆ ಹತ್ತಿತು. ಹನ್ನೊಂದು ತಿಂಗಳ ಮೇಲೆ ಆ ನೆತ್ತಿಯ ವಾಸನೆ. ಅವಳು ಅದರ ಕೂದಲಿನಲ್ಲಿ ಮುಖ ಹುದುಗಿಸಿ ಅತ್ತಳು.

ಗುಂಡಿ ಈಗ ಬಾಯಿ ಮುಚ್ಚುವುದೇ ಇಲ್ಲ. ಬಾಗಿಲಲ್ಲಿ ಕೂತು, ಬೀದಿಯಲ್ಲಿ ಹೋಗುವವರಿಗೆಲ್ಲ ಏನಾದರೊಂದು ಹೇಳುತ್ತಲೇ ಇರುತ್ತದೆ. ಹಿಂದಿನಿಂದ ಕರೆದರೆ ಅಮ್ಮ ತಿರುಗುವುದಿಲ್ಲ ಎಂದು ಮೊದಲ ವಾರ ಸಿಟ್ಟು ಮಾಡಿಕೊಂಡಿತ್ತು. ಅಪ್ಪ ಹೇಳಿಕೊಟ್ಟ ಮೇಲೆ ಮುಂದೆ ಬಂದು, ಅಮ್ಮನ ಎರಡೂ ಕೆನ್ನೆ ಹಿಡಿದು, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತದೆ. ತುಟಿ ನೋಡಿ ಅವಳಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಊಹೆ. ಊಹೆ ತಪ್ಪಿದರೆ ಇಬ್ಬರೂ ನಗುತ್ತಾರೆ.

ಆದರೂ ಮಂಡಿಯಿಂದ ಗಂಡ ಬಂದು ಕೈಕಾಲು ತೊಳೆಯುತ್ತಲೇ ಅವಳು ಹತ್ತಿರ ಸರಿದು ಕೇಳುವುದು ಒಂದೇ. ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳುತ್ತಾಳೆ.

"ಅವಳ ದನಿ ಹೇಗಿದೆ ಹೇಳಿ."

ಅವನು ಮಾತಿನ ಮನುಷ್ಯನಲ್ಲ. ಒದ್ದೆ ಕೈಯಲ್ಲೇ ಕೂತು, ಮಗಳ ಹರಟೆಗೆ ಕಿವಿಗೊಟ್ಟು, ಸರಿಯಾದ ಮಾತಿಗಾಗಿ ಹುಡುಕುತ್ತಾನೆ. ಒಂದು ದಿನ ಸ್ವಲ್ಪ ಒಡಕು ಎಂದಿದ್ದ, ಇನ್ನೊಂದು ದಿನ ಸಿಟ್ಟು ಬಂದರೆ ಮೂಗಿನಲ್ಲಿ ಆಡುತ್ತಾಳೆ ಎಂದಿದ್ದ. ಇವತ್ತು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಅವಳ ಎಡಗಿವಿಗೆ ಬಾಗಿದ.

"ಮದುವೆ ಆದ ಹೊಸದರಲ್ಲಿ ನೀನು ನನ್ನ ಕರೀತಿದ್ದೆಯಲ್ಲ, ಹಾಗಿದೆ."

ಅವಳು ಆ ದನಿಯನ್ನು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದಳು.