ಕೋಳಿಮನೆಯ ಮಣ್ಣು

ರತ್ನವ್ವ ಗುಂಡಿಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೋಳಿಗಳಿಗೆ ನೀರಿಡುವ ಬಕೆಟ್ಟಿನಿಂದ ನೀರೆತ್ತಿ ಹೊರಗೆ ಸುರಿಯುತ್ತಿದ್ದಳು. ಸುರಿದದ್ದು ಒಂದು ಸುತ್ತು ಹೊಡೆದು ಮತ್ತೆ ಗುಂಡಿಗೇ ಇಳಿಯುತ್ತಿತ್ತು. ಬೆಳಗಿನಿಂದ ಇದು ಮೂರನೆಯ ಗುಂಡಿ. ಮೊದಲಿನವೆರಡೂ ಬಾಯಿ ಕುಸಿದು ಕೆಸರಾಗಿದ್ದವು.

"ಇನ್ನೊಂಚೂರು ಆಕಡೆ ತೋಡೋಣೇನವ್ವ?" ಎಂದ ಅವಳ ಅಪ್ಪ ಗುರುಪಾದಪ್ಪ. ಸಲಿಕೆಯನ್ನು ಎಲ್ಲಿ ಊರಬೇಕೆಂದು ತಿಳಿಯದೆ ಎತ್ತಿಕೊಂಡೇ ನಿಂತಿದ್ದ. "ಇಲ್ಲಾ ಈಕಡೆ?"

"ಆಕಡೆ ಕೆರಿ ಐತಿ, ಈಕಡೆ ಕಾಲಿವಿ ಐತಿ. ಎಲ್ಲಿ ತೋಡ್ತಿ ಯಪ್ಪಾ?"

"ಹಂಗಾರ ತಡಿ, ನಿಮ್ಮವ್ವನ್ನ ಕೇಳ್ಕೊಂಡ ಬರ್ತೀನಿ," ಎಂದು ಅವನು ಹೊರಟೇಬಿಟ್ಟ. ನಾಲ್ಕು ಹೆಜ್ಜೆ ಹೋಗಿ ನಿಂತ. ಸುತ್ತ ಇದ್ದವರು ಬೇರೆ ಕಡೆ ನೋಡಿದರು.

ರತ್ನವ್ವನ ಅವ್ವ ದಾನವ್ವ ಅಟ್ಟೂರಿನ ಕೋಳಿಮನೆಯಲ್ಲಿ ಕಂಬಕ್ಕೆ ಒರಗಿ, ಹಣೆತುಂಬ ವಿಭೂತಿ ಧರಿಸಿ ಕೂತಿದ್ದಳು. ನಿನ್ನೆ ಸಂಜೆ ಕೋಳಿಗಳನ್ನು ಒಳಗೆ ಕೂಡುವಾಗ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ. ಬಿಜಾಪುರದ ಕಡೆಯ ಅವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಗುಂಡಿಯ ಗೋಡೆಯಲ್ಲಿ ಗೂಡು ಕೊರೆದು ಅದರೊಳಗೆ ಕೂರಿಸಬೇಕು. ಗೂಡು ನಿಲ್ಲಬೇಕಾದರೆ ಮಣ್ಣು ನಿಲ್ಲಬೇಕು. ಊರಿನವರು ಹೊರಗಿನಿಂದ ಬಂದವರಿಗೆಂದು ಬಿಟ್ಟಿದ್ದು ಸ್ಮಶಾನದ ಈ ಕೆಳಮೂಲೆ, ಕೆರೆಯಂಚು. ಬದುಕಿದ್ದಾಗ ಎಂಥ ಜಾಗ ಕೊಟ್ಟಿದ್ದರೋ, ಸತ್ತ ಮೇಲೂ ಅಂಥದೇ.

"ಜಲ್ಮ ಪೂರ್ತಿ ಕೆಸರಾಗ ನಿಂತಾಳ," ಎಂದಳು ರತ್ನವ್ವ, ಬಕೆಟ್ಟು ಎಸೆದು. "ಇವತ್ತರ ಒಣ ಜಾಗದಾಗ ಕೂಡ್ರಿಸ್ತೀನಿ."

"ಈ ಸುತ್ತಲ್ಲಿ ಒಣ ಜಾಗ ಅಂತ ಇರೋದು ಒಂದೇ ಕಣೇ," ಎಂದಳು ಸಬೀರಾ. ಯಲಹಂಕದ ಸಂತೆಯಲ್ಲಿ ದಾನವ್ವನ ಪಕ್ಕವೇ ಕೂತು ಮೊಟ್ಟೆ ಮಾರುತ್ತಿದ್ದವಳು. "ನಿಮ್ಮವ್ವ ಮಾಡಿದ್ದು."

*

ಎಪ್ಪತ್ಮೂರರಲ್ಲಿ ಗುರುಪಾದಪ್ಪನಿಗೆ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕು ಅವರು ಇಲ್ಲಿಗೆ ಬಂದಾಗ, ಊರಿನ ಜಮೀನುದಾರ ಪಿಳ್ಳಪ್ಪ ಬಾಡಿಗೆಗೆ ಕೊಟ್ಟದ್ದು ಎಮ್ಮೆಗಳು ಹೊರಳುತ್ತಿದ್ದ ತಗ್ಗು. ಮೊದಲ ಮಳೆಗಾಲದಲ್ಲೇ ಅಲ್ಲಿ ಸಾಕಿದ ಕೋಳಿಮರಿಗಳು ಒದ್ದೆ ಹೊಟ್ಟಿನ ಮೇಲೆ ರಕ್ತಭೇದಿಯಾಗಿ ಸತ್ತವು. ಅವನ್ನು ಹೂಳಲು ದಾನವ್ವ ಎಲ್ಲಿ ಕೆದರಿದರೂ ನೀರು ಬಂತು.

ಮಾರನೆಯ ದಿನ ಮೊಟ್ಟೆ ಮಾರಲು ಹೋದವಳು ಇಟ್ಟಿಗೆಗೂಡಿನ ಪಕ್ಕ ಬಿದ್ದಿದ್ದ ಒಡಕು ಇಟ್ಟಿಗೆ ತುಂಬಿಕೊಂಡು ಬಂದಳು. ಅಂದಿನಿಂದ ಅವಳ ಬುಟ್ಟಿ ಬರಿದಾಗಿ ಮನೆಗೆ ಬಂದದ್ದಿಲ್ಲ. ಹೋಗುವಾಗ ಮೊಟ್ಟೆ, ಬರುವಾಗ ಇಟ್ಟಿಗೆ ಚೂರು, ಬೂದಿ, ಗಿರಣಿಯ ಹೊಟ್ಟು.

"ಮಂದಿ ನೆಲಕ್ಕ ಇಷ್ಟ್ಯಾಕ ಹೊರತಿ? ಹುಚ್ಚೇನ ನಿನಗ?" ಎಂದು ಗುರುಪಾದಪ್ಪ ಬೈಯುತ್ತಿದ್ದ.

"ನೆಲ ಮಂದೀದು. ಕೋಳಿ ಕಾಲು ನಮ್ಮವು," ಎನ್ನುತ್ತಿದ್ದಳು.

ನೆಲ ಏರಿತು. ನೆಲದ ಹಿಂದೆಯೇ ಬಾಡಿಗೆಯೂ ಏರಿತು. ಹೋದ ವರ್ಷ ಪಿಳ್ಳಪ್ಪ ಸೈಟು ನೋಡಲು ಬಂದವರನ್ನು ಕೋಳಿಮನೆಯ ಮುಂದೆ ನಿಲ್ಲಿಸಿ, "ನಮ್ದು ಎತ್ತರದ ಜಮೀನು ಸ್ವಾಮಿ, ಒಂದ್ ತೊಟ್ಟು ನೀರ್ ನಿಲ್ಲಲ್ಲ" ಎನ್ನುತ್ತಿದ್ದ. ಬುಟ್ಟಿ ಹೊತ್ತು ಬಂದ ದಾನವ್ವ ಅದನ್ನು ಕೇಳಿಸಿಕೊಂಡಳು. ಇಳಿಸಬೇಕೋ ಬೇಡವೋ ತಿಳಿಯದವಳಂತೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಬಾಗಿಲ ಬಳಿ ಕೆಸರಿದ್ದ ಕಡೆ ಸುರಿದಳು.

*

ಪಿಳ್ಳಪ್ಪ ಹಾರ ತಂದು ದಾನವ್ವನ ಕೊರಳಿಗೆ ಹಾಕಿ ನಿಜಕ್ಕೂ ಕಣ್ಣೊರೆಸಿಕೊಂಡ.

"ಒಂದಿನಾನೂ ಬಾಯ್ ಮಾಡಿದೋಳಲ್ಲ. ಇಂಗೆ ಒಂಟೋಗ್ತಾಳೆ ಅಂತ ಯಾರ್ ಕಂಡಿದ್ರು!"

ರತ್ನವ್ವ ಕೆಸರುಗಾಲಲ್ಲೇ ಅವನ ಎದುರು ಬಂದು ನಿಂತಳು. "ಗೌಡ್ರ, ಅಲ್ಲಿ ಕುಣಿ ತುಂಬ ನೀರ ಏಳಾಕತ್ತೈತಿ. ಅವ್ವನ್ನ ಇಲ್ಲೇ ಒಂದ ಮೂಲ್ಯಾಗ ಕೂಡ್ರಿಸ್ತೀವಿ."

"ಇಲ್ಲೇನಾ?" ಪಿಳ್ಳಪ್ಪ ಸತ್ತವಳನ್ನೊಮ್ಮೆ ನೋಡಿ, ದನಿ ತಗ್ಗಿಸಿದ. "ಅಂಗಲ್ಲ ಕಣಮ್ಮ. ಸಮಾಧಿ ಇರೋ ಸೈಟ್ನ ಯಾರ್ ತಗೋತಾರೆ? ನಾಳಿದ್ದು ಅಳತೆಗೆ ಬರ್ತಾವ್ರೆ."

"ಈ ನೆಲ ಹೊತ್ತ ತಂದಾಕಿ ಆಕಿ."

"ಯಾರ್ ಇಲ್ಲಾಂದ್ರು? ಮಣ್ಣ್ ಒತ್ತಿದ್ದು ಅವಳೇ. ಜಮೀನು ನಮ್ಮಪ್ಪಂದಲ್ವಾ?"

ಹೆಣದೆದುರು ಇಲ್ಲ ಎಂದದ್ದು ಅವನಿಗೇ ಕಸಿವಿಸಿಯಾಯಿತು. "ಒಂದ್ ಕೆಲ್ಸ ಮಾಡಿ. ಇಲ್ಲಿಂದ ಮಣ್ಣು ತಗೊಂಡೋಗಿ ಆ ಗುಣೀನ ಎತ್ತರ ಮಾಡ್ಕಳಿ. ಎಷ್ಟ್ ಬೇಕೋ ಅಷ್ಟು. ನಾನೇನ್ ಕಟುಕನಾ?"

ಗುರುಪಾದಪ್ಪ ಹೂಂ ಎನ್ನಬೇಕೋ ಬೇಡವೋ ಎಂಬಂತೆ ಹೆಂಡತಿಯ ಮುಖ ನೋಡಿದ. ರತ್ನವ್ವ ಗಳುವಿಗೆ ನೇತುಹಾಕಿದ್ದ ಮೊಟ್ಟೆ ಬುಟ್ಟಿಯನ್ನು ಇಳಿಸಿಕೊಂಡಳು.

"ಎಷ್ಟ ಬೇಕಷ್ಟ ಅಂದ್ರಲ್ಲ ಗೌಡ್ರ?"

"ಊಂ ಕಣಮ್ಮ. ತಗೊಂಡೋಗಿ."

*

ಅಗೆದಂತೆ ಮೇಲೆ ಹಿಕ್ಕೆ ಬೆರೆತ ಹೊಟ್ಟು ಬಂತು, ಅದರಡಿ ಬೂದಿ, ಅದರಡಿ ಇಟ್ಟಿಗೆ, ಮತ್ತೆ ಬೂದಿ. ಕೋಳಿಗಳು ಸಲಿಕೆಯ ಬಾಯಿಗೇ ಬಂದು ಹುಳ ಹೆಕ್ಕುತ್ತಿದ್ದವು; ಯಾರೂ ಓಡಿಸಲಿಲ್ಲ. ಕಾರ್ಖಾನೆ ವಠಾರದಿಂದ ಬಂದಿದ್ದ ಹೆಂಗಸರು ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ಗುಂಡಿಯ ತಳಕ್ಕೆ ಇಟ್ಟಿಗೆ ಬಿತ್ತು, ಬೂದಿ ನೀರು ಹೀರಿತು. ಗೂಡಿನ ಗೋಡೆಯನ್ನು ಗುರುಪಾದಪ್ಪನೇ ಕಟ್ಟಿದ. ಒಂದೊಂದು ಚೂರನ್ನೂ ಇಡುವ ಮುಂಚೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಮಧ್ಯಾಹ್ನ ದಾನವ್ವ ಬಂದು ಅದರೊಳಗೆ ಕೂತಳು. ಜಂಗಮಯ್ಯ ಮಂತ್ರ ಹೇಳಿದರು. ಪತ್ರಿ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಅವಳ ಪಾದಕ್ಕೆ ಕೆಸರು ತಾಗಲಿಲ್ಲ.

ಜನ ಕಾಲು ತೊಳೆಯಲು ಕೆರೆಯ ಕಡೆ ತಿರುಗಿದರು. ರತ್ನವ್ವ ಮಾತ್ರ ಬುಟ್ಟಿ ಎತ್ತಿಕೊಂಡು ಕೋಳಿಮನೆಯ ದಾರಿ ಹಿಡಿದಳು. ಸಬೀರಾ ಒಂದು ಗಳಿಗೆ ನೋಡಿ ತಾನೂ ಹಿಂದೆ ಹೋದಳು. ಅವಳನ್ನು ನೋಡಿ ಉಳಿದವರೂ ಹೊರಟರು.

"ಇದ್ಯಾವ ಶಾಸ್ತ್ರಬೇ?" ಎಂದು ಮುದುಕಿಯೊಬ್ಬಳು ಸಬೀರಾಳನ್ನು ಕೇಳಿದಳು.

"ನಂಗೇನ್ ಗೊತ್ತಕ್ಕ? ನಿಮ್ ಕಡೇದು ಅಂತ ನಾನು ಬಂದೆ!"

ಬುಟ್ಟಿಗಳು ಮತ್ತೆ ತುಂಬತೊಡಗಿದ್ದು ಕಂಡು ಪಿಳ್ಳಪ್ಪ ಓಡಿ ಬಂದ. "ಮಣ್ಣಾಯ್ತಲ್ಲಮ್ಮ, ಇನ್ನೂ ಯಾಕೆ?"

"ಅವ್ವನ ಮಗ್ಗಲ ನಾಳೆ ನಾವೂ ಕುಂದ್ರಬೇಕಲ್ರಿ. ಆ ಮೂಲಿ ಪೂರ್ತಿ ಏರಿಸ್ಬೇಕು."

"ಅಷ್ಟೊಂದು ಅಂತ ನಾನ್ ಯಾವಾಗಂದೆ?"

"ಎಷ್ಟ ಬೇಕಷ್ಟ ಅಂದ್ರಿ. ನಮಗ ಇಷ್ಟ ಬೇಕು."

"ಏ ಗುರುಪಾದಪ್ಪ, ಬುದ್ಧಿ ಏಳಯ್ಯ ನಿನ್ ಮಗಳಿಗೆ!"

ಗುರುಪಾದಪ್ಪ ಮಗಳನ್ನು ನೋಡಿದ, ಪಿಳ್ಳಪ್ಪನನ್ನು ನೋಡಿದ. ಸಲಿಕೆ ಎತ್ತಿದ. ಈ ಸಲ ಎಲ್ಲಿ ಎಂದು ಯಾರನ್ನೂ ಕೇಳದೆ, ತನ್ನ ಕಾಲ ಬುಡದಲ್ಲೇ ಊರಿದ.

ಪಿಳ್ಳಪ್ಪ ಕೂಗಲು ಬಾಯಿ ತೆರೆದ. ಸಾವಾದ ಮನೆಯಲ್ಲಿ ಕೂಗಬಹುದೋ ಬಾರದೋ ತಿಳಿಯದೆ, ದಾನವ್ವ ಒರಗಿದ್ದ ಕಂಬವನ್ನು ಹಿಡಿದುಕೊಂಡ. ಬುಡದ ಮಣ್ಣು ಹೋಗಿದ್ದ ಕಂಬ ಅವನ ಕೈಯಲ್ಲಿ ಅಲುಗಾಡಿತು.

ಸಂಜೆಯಾಗುತ್ತಲೇ ಕೋಳಿಗಳು ಎಂದಿನಂತೆ ಗೂಡಿಗೆ ಬಂದವು. ನೆಲವಿದ್ದಲ್ಲಿ ತಗ್ಗಿತ್ತು, ತಗ್ಗಿನಲ್ಲಿ ಅಡಿಯಿಂದ ಕಪ್ಪು ನೀರು ಸದ್ದಿಲ್ಲದೆ ಏಳುತ್ತಿತ್ತು. ಎಲ್ಲಕ್ಕಿಂತ ಮುಂದಿದ್ದ ಕೆಂಚು ಹೇಂಟೆ ಅಂಚಿಗೆ ಬಂದು ಒಂದು ಕಾಲೆತ್ತಿತು. ಇಡಲು ಜಾಗ ಕಾಣದೆ, ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಿತು.